ನಡುವಿನ ಗಾಜು

ಜಪಾನಿನ ನಗೋಯಾ ನಗರದ ರೈಲ್ವೆ ಸಂಗ್ರಹಾಲಯದಲ್ಲಿ ಕಂದು ಬಣ್ಣದ ಒಂದು ಹಳೆಯ ವಿದ್ಯುತ್ ರೈಲು ಬೋಗಿ ನಿಂತಿದೆ. ಮೋಹಾ 63638 ಎಂದು ಅದರ ಸಂಖ್ಯೆ. ಅದೇ ಸೂರಿನಡಿ ಬಿಳಿ ನೀಲಿ ಶಿಂಕಾನ್ಸೆನ್ ಬುಲೆಟ್ ರೈಲುಗಳಿವೆ, ದಾಖಲೆ ವೇಗದಲ್ಲಿ ಓಡಿದ, ಆಯಸ್ಕಾಂತದ ಬಲದಿಂದ ತೇಲುವ ಮ್ಯಾಗ್ಲೆವ್ ರೈಲು ಇದೆ. ಅವುಗಳ ನಡುವೆ ಈ ಬೋಗಿಯದು ಬಡ ನೆಂಟನ ಮುಖ. ಇದರಲ್ಲಿ ನೋಡಬೇಕಾದದ್ದು ಕಿಟಕಿ. ಒಂದೊಂದು ಕಿಟಕಿಯಲ್ಲೂ ಒಂದರ ಮೇಲೊಂದು ಮೂರು ಗಾಜು. ಮೇಲಿನದನ್ನು ಸರಿಸಬಹುದು, ಕೆಳಗಿನದನ್ನು ಎತ್ತಬಹುದು. ನಡುವಿನದು ಮಾತ್ರ ಚೌಕಟ್ಟಿಗೆ ಬಿಗಿದದ್ದು, ಅಲ್ಲಾಡುವುದಿಲ್ಲ. ಹೀಗಾಗಿ ಕಿಟಕಿಯನ್ನು ಎಷ್ಟೇ ತೆರೆದರೂ ಸಿಗುವ ಸಂದಿ 29 ಸೆಂಟಿಮೀಟರ್. ಗಾಳಿ ಬರಲು ಅಷ್ಟು ಧಾರಾಳವಾಗಿ ಸಾಕು. ದೊಡ್ಡವರ ಮೈ ಅದರಲ್ಲಿ ತೂರುವುದು ಕಷ್ಟ.

ಆ ನಡುವಿನ ಗಾಜನ್ನು ಬಿಗಿದವರು ಕೇಡು ಬಗೆದವರಲ್ಲ. ಅವರ ಕಷ್ಟವನ್ನು ಮೊದಲು ತಿಳಿದುಕೊಳ್ಳದೆ ಈ ಕಥೆ ಹೇಳುವುದು ಅನ್ಯಾಯವಾಗುತ್ತದೆ.

ಈ ಬೋಗಿ ಸೇರಿದ 63 ಮಾದರಿಯ ರೈಲು ಹುಟ್ಟಿದ್ದು 1944ರಲ್ಲಿ. ಯುದ್ಧ ಜಪಾನಿನ ಕೈಮೀರಿತ್ತು. ಕಾರ್ಖಾನೆಗಳಿಗೆ ದಿನವೂ ಸಾವಿರಾರು ಕೆಲಸಗಾರರನ್ನು ಮುಟ್ಟಿಸಬೇಕು, ಆದರೆ ಉಕ್ಕಿಗೆ ಬರ, ತಾಮ್ರಕ್ಕೆ ಬರ, ಗಾಜಿಗೆ ಬರ. ಇರುವುದರಲ್ಲೇ ಆದಷ್ಟು ಹೆಚ್ಚು ಜನರನ್ನು ಹೊರುವ ಬೋಗಿ ಬೇಕಿತ್ತು. 20 ಮೀಟರ್ ಉದ್ದ ಮಾಡಿದರು, ಒಂದೊಂದು ಬದಿಗೆ ನಾಲ್ಕು ಬಾಗಿಲು ಇಟ್ಟರು, ಸೀಟು ಕಡಿಮೆ ಮಾಡಿ ನಿಲ್ಲುವ ಜಾಗ ಹೆಚ್ಚಿಸಿದರು. ಒಳಗಿನ ಸೂರಿಗೆ ಹೊದಿಕೆ ಹಾಕಲಿಲ್ಲ. ತಲೆ ಎತ್ತಿದರೆ ಛಾವಣಿಯ ಪಕ್ಕೆಲುಬುಗಳು ಕಾಣುತ್ತಿದ್ದವು, ಅವುಗಳ ನಡುವೆ ಹೊದಿಕೆಯಿಲ್ಲದ ಬಲ್ಬುಗಳು. ಕೂರಲು ಮೆತ್ತೆಯಿಲ್ಲದ ಹಲಗೆ. ಮೋಟರು ಸಿಗದೆ ಎಷ್ಟೋ ಬೋಗಿಗಳು ಮೋಟರಿಲ್ಲದೆಯೇ ಕಾರ್ಖಾನೆಯಿಂದ ಹೊರಬಂದು ಬೇರೆ ಬೋಗಿಗಳ ಬಾಲ ಹಿಡಿದು ಓಡಿದವು. ದೊಡ್ಡ ಗಾಜು ಸಿಗುವಂತಿರಲಿಲ್ಲವಾದ್ದರಿಂದ ಸಣ್ಣ ಗಾಜುಗಳಲ್ಲೇ ಕಿಟಕಿ ಕಟ್ಟಿದರು. ಮೂರು ಗಾಜಿನ ಕಿಟಕಿ ಬಂದದ್ದು ಹೀಗೆ. ಅದರಲ್ಲಿ ಒಂದು ಒಳ್ಳೆಯ ಯೋಚನೆಯೂ ಇತ್ತು: ಮೇಲೊಂದು ಕೆಳಗೊಂದು ಸಂದಿ ಇದ್ದರೆ ಜನ ತುಂಬಿದ ಬೋಗಿಯಲ್ಲಿ ಗಾಳಿಯಾಡುತ್ತದೆ.

ಮಾರನೆಯ ವರ್ಷವೇ ಯುದ್ಧ ಮುಗಿಯಿತು. ರೈಲಿನ ಕೆಲಸ ಮುಗಿಯಲಿಲ್ಲ. ಟೋಕಿಯೊ, ಯೊಕೊಹಾಮಾ ಎರಡೂ ಬಾಂಬಿಗೆ ಸಿಕ್ಕಿ ಸುಟ್ಟಿದ್ದವು, ಓಡುತ್ತಿದ್ದ ಬೋಗಿಗಳಲ್ಲಿ ಬಹಳಷ್ಟು ಅದೇ ಬೆಂಕಿಯಲ್ಲಿ ಹೋಗಿದ್ದವು. ಮನೆ ಕಳೆದುಕೊಂಡವರು ಊರಾಚೆ ಇದ್ದು ಊರೊಳಗೆ ಕೆಲಸಕ್ಕೆ ಬರುತ್ತಿದ್ದರು. ಅಕ್ಕಿ, ಗೆಣಸು ತರಲು ಹಳ್ಳಿಗಳಿಗೆ ಹೋಗಿಬರುವವರ ಮೂಟೆಗಳೂ ರೈಲಿನಲ್ಲೇ. ಈ ಜನಸಾಗರವನ್ನು ಹೊತ್ತದ್ದು 63 ಮಾದರಿ. ಒಡೆದ ಗಾಜಿಗೆ ಹಲಗೆ ಬಡಿದುಕೊಂಡು ಓಡಿತು. ಸರ್ಕಾರಿ ರೈಲ್ವೆಗೆ ಮಾತ್ರವಲ್ಲ, ತೋಬು, ಒದಾಕ್ಯು, ನಾಂಕಾಯ್‌ನಂಥ ಖಾಸಗಿ ರೈಲ್ವೆಗಳಿಗೂ ಈ ಬೋಗಿಗಳನ್ನು ಹಂಚಿದರು. ಸೋತ ದೇಶವೊಂದು ಮತ್ತೆ ಎದ್ದು ಕೆಲಸಕ್ಕೆ ಹೋದದ್ದು ಈ ಹಲಗೆ ಸೀಟಿನ ಮೇಲೆ ಕೂತು, ಅದಕ್ಕಿಂತ ಹೆಚ್ಚಾಗಿ ನಿಂತು. 20 ಮೀಟರ್ ಉದ್ದ, ಬದಿಗೆ ನಾಲ್ಕು ಬಾಗಿಲು ಎಂಬ ಅಳತೆ ಟೋಕಿಯೊದ ಸುತ್ತಮುತ್ತ ಎಷ್ಟು ಚೆನ್ನಾಗಿ ಒಗ್ಗಿತೆಂದರೆ ಇವತ್ತಿಗೂ ಅಲ್ಲಿನ ಬಹುಪಾಲು ರೈಲುಗಳಿಗೆ ಅದೇ ಅಳತೆ. ಬರಗಾಲದಲ್ಲಿ ಮಾಡಿದ ತೀರ್ಮಾನಗಳಲ್ಲಿ ಕೆಲವು ಹೀಗೆ ಚಿನ್ನದಂಥವು.

ಇನ್ನು ಕೆಲವು ಹಾಗಲ್ಲ. 1951ರ ಏಪ್ರಿಲ್ 24ರಂದು ಮಧ್ಯಾಹ್ನ ಯೊಕೊಹಾಮಾದ ಸಕುರಾಗಿಚೊ ನಿಲ್ದಾಣದ ಬಳಿ ಕೆಲಸಗಾರರು ಮೇಲಿನ ವಿದ್ಯುತ್ ತಂತಿಯ ರಿಪೇರಿಯಲ್ಲಿದ್ದರು. ಒಬ್ಬರ ಕೈಯಿಂದ ಸ್ಪ್ಯಾನರ್ ಜಾರಿತು. ಕಿಡಿ ಹಾರಿ, ತಂತಿ ಸುಟ್ಟು ಜೋತುಬಿತ್ತು. 63 ಮಾದರಿಯ, ಐದು ಬೋಗಿಗಳ ಒಂದು ರೈಲು ನಿಲ್ದಾಣದೊಳಗೆ ಬರುತ್ತಿತ್ತು. ಮುಂದಿನ ಬೋಗಿಯ ಪ್ಯಾಂಟೊಗ್ರಾಫು, ಅಂದರೆ ತಂತಿಯಿಂದ ವಿದ್ಯುತ್ ಪಡೆಯಲು ಛಾವಣಿಯ ಮೇಲಿರುವ ಚೌಕಟ್ಟು, ಆ ಜೋತ ತಂತಿಗೆ ಸಿಕ್ಕಿಕೊಂಡಿತು. 1500 ವೋಲ್ಟಿನ ವಿದ್ಯುತ್ ಛಾವಣಿಗೆ ಹಾಯ್ದು ಬೆಂಕಿ ಹೊತ್ತಿತು. ಛಾವಣಿಯಲ್ಲಿ ಮರ, ಒಳಗೆ ಮರ, ಮೇಲೆ ಉರಿಯುವ ಬಣ್ಣ. ತಂತಿಗೆ ವಿದ್ಯುತ್ ಕೊಡುವ ಎರಡು ಸಬ್‌ಸ್ಟೇಷನ್‌ಗಳಲ್ಲಿ ಒಂದು ಕೂಡಲೇ ಕಡಿದುಕೊಂಡಿತು, ಇನ್ನೊಂದರಿಂದ ಕೆಲವು ನಿಮಿಷ ವಿದ್ಯುತ್ ಹರಿಯುತ್ತಲೇ ಇತ್ತು.

ರೈಲು ನಿಂತಿತ್ತು. ನಿಲ್ದಾಣ ಕಣ್ಣೆದುರೇ ಇತ್ತು. ಆದರೂ ಒಳಗಿದ್ದವರಿಗೆ ಹೊರಬರುವ ದಾರಿ ಇರಲಿಲ್ಲ. ಬಾಗಿಲುಗಳು ಸ್ವಿಚ್ಚಿನಿಂದ ತೆರೆಯುವಂಥವು, ವಿದ್ಯುತ್ತಿನ ಏರ್ಪಾಡೇ ಕೆಟ್ಟಮೇಲೆ ಅವು ತೆರೆಯಲಿಲ್ಲ. ಬೋಗಿಯ ತುದಿಯಲ್ಲಿ ಪಕ್ಕದ ಬೋಗಿಗೆ ಹೋಗುವ ಬಾಗಿಲಿತ್ತು, ಅದು ಒಳಮುಖವಾಗಿ ತೆರೆಯುವಂಥದ್ದು. ಗಾಬರಿಯಿಂದ ನುಗ್ಗಿದವರ ಭಾರವೇ ಅದನ್ನು ಮುಚ್ಚಿ ಹಿಡಿಯಿತು. ಉಳಿದದ್ದು ಕಿಟಕಿ, ಆ 29 ಸೆಂಟಿಮೀಟರಿನ ಸಂದಿ. ಮೊದಲ ಬೋಗಿ ಪೂರ್ತಿ ಸುಟ್ಟಿತು, ಎರಡನೆಯದು ಅರ್ಧ. 106 ಜನ ಸತ್ತರು.

ಈ ದುರಂತದಲ್ಲಿ ನನ್ನನ್ನು ಬಹಳ ಕಾಡುವ ಸಂಗತಿ ಇನ್ನೊಂದಿದೆ. ಆ ಬಾಗಿಲುಗಳನ್ನು ಒಳಗಿನಿಂದ ಕೈಯಲ್ಲೇ ತೆರೆಯುವ ಉಪಾಯ ಬೋಗಿಯಲ್ಲೇ ಇತ್ತು. ಬಾಗಿಲನ್ನು ಬಿಗಿಹಿಡಿಯುವುದು ಒತ್ತಿ ತುಂಬಿದ ಗಾಳಿ. ಆ ಗಾಳಿಯನ್ನು ಹೊರಬಿಡಲು ಒಂದು ಸಣ್ಣ ಹಿಡಿ ಸೀಟಿನ ಕೆಳಗಿತ್ತು. ಅದನ್ನು ತಿರುಗಿಸಿದರೆ ಸಾಕು, ಮಕ್ಕಳೂ ಬಾಗಿಲನ್ನು ಸರಿಸಬಹುದು. ಆದರೆ ಇಲ್ಲಿ ಹಿಡಿಯಿದೆ ಎಂದು ಎಲ್ಲೂ ಬರೆದಿರಲಿಲ್ಲ. ಅದು ರಿಪೇರಿ ಮಾಡುವವರಿಗೆ ಗೊತ್ತಿರಬೇಕಾದ ವಿಷಯ, ಪ್ರಯಾಣಿಕರಿಗೇಕೆ ಎಂಬ ಧೋರಣೆ. ಜೀವ ಉಳಿಸುವ ಹಿಡಿ ಮೊಣಕಾಲಿನ ಹತ್ತಿರವೇ ಇದ್ದು, ಅದು ಇದೆಯೆಂದು ತಿಳಿಯದೆ ಸತ್ತರು ಎಂಬುದನ್ನು ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ವಿಚಾರಣೆಗೆ ಗುರಿಯಾದವರು ಸ್ಥಳದಲ್ಲಿದ್ದ ಸಿಬ್ಬಂದಿ: ತಂತಿಯ ಕೆಲಸದವರು, ರೈಲಿನ ಚಾಲಕ. ಸ್ಪ್ಯಾನರ್ ಕೈಜಾರುವುದು ಮನುಷ್ಯಸಹಜ. ಯಾವ ಊರಿನ ಯಾವ ಕೆಲಸದಲ್ಲೂ ಇವತ್ತಿಗೂ ಯಾರದೋ ಕೈಯಿಂದ ಏನಾದರೂ ಜಾರುತ್ತಲೇ ಇರುತ್ತದೆ. ಅದು 106 ಜನರ ಸಾವಾಗಿ ಬೆಳೆದದ್ದು ಏಳು ವರ್ಷದ ಹಿಂದೆ ಕಾಗದದ ಮೇಲೆ ಎಳೆದ ಗೆರೆಗಳಿಂದ. ಇನ್ನೂ ಸರಿಯಾಗಿ ಹೇಳುವುದಾದರೆ, ಆ ಗೆರೆಗಳನ್ನು ಏಳು ವರ್ಷವೂ ಯಾರೂ ತಿದ್ದದೆ ಬಿಟ್ಟದ್ದರಿಂದ. 1944ರಲ್ಲಿ ಗಾಜಿಗೆ ಬರವಿತ್ತು ಎಂದರೆ ಒಪ್ಪಬೇಕು. 1946ರಲ್ಲಿ ದೇಶವೇ ಹಸಿದಿತ್ತು ಎಂದರೂ ಒಪ್ಪಬೇಕು. ವರ್ಷ ಕಳೆದಂತೆ ಅದೇ ಕಾರಣ ಹೇಳಲು ಬರುವುದಿಲ್ಲ. ಕಷ್ಟಕಾಲದಲ್ಲಿ ಸದ್ಯಕ್ಕೆ ಸಾಕೆಂದು ಮಾಡಿಕೊಂಡ ಏರ್ಪಾಡು, ಕಷ್ಟ ಸರಿದರೂ ತಾನಾಗಿ ಸರಿಯುವುದಿಲ್ಲ. ಅದನ್ನು ಯಾರಾದರೂ ನೆನಪಿಟ್ಟು ತೆಗೆಯಬೇಕು. ನೆನಪಿಡುವುದು ಇಂಥವರ ಕೆಲಸ ಎಂದು ಗೊತ್ತುಮಾಡದಿದ್ದರೆ ಅದು ಯಾರ ಕೆಲಸವೂ ಆಗುವುದಿಲ್ಲ. ದಿನವೂ ನೋಡುವ ಕಣ್ಣಿಗೆ ಕಿಟಕಿಯೆಂದರೆ ಇರುವುದೇ ಹೀಗೆ ಎನ್ನಿಸಿಬಿಡುತ್ತದೆ.

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಜಪಾನಿನ ರೈಲ್ವೆಯವರು ಬಾಗಿಲು ತೆರೆಯುವ ಕೆಲಸವನ್ನು ಕೊಳ್ಳೆಯ ಮಾರನೆಯ ದಿನದಿಂದಲೇ ಎಂಬಂತೆ ಶುರುಮಾಡಿದರು, ಅದನ್ನು ಅಲ್ಲಗಳೆಯುವಂತಿಲ್ಲ. ನಡುವಿನ ಗಾಜನ್ನು ಬಿಚ್ಚಿ ತೆರೆಯುವಂತೆ ಮಾಡಿದರು. ಬೋಗಿಯಿಂದ ಬೋಗಿಗೆ ಸುಲಭವಾಗಿ ದಾಟುವ ದಾರಿ ಮಾಡಿದರು. ಛಾವಣಿ ಮತ್ತು ಪ್ಯಾಂಟೊಗ್ರಾಫಿನ ನಡುವೆ ವಿದ್ಯುತ್ ಹಾಯದ ಹಾಗೆ ತಡೆ ಹೆಚ್ಚಿಸಿದರು, ಸುಲಭವಾಗಿ ಉರಿಯದ ಬಣ್ಣ ಬಳಿದರು. ಆ ಹಿಡಿಯ ಹತ್ತಿರ ಎದ್ದು ಕಾಣುವಂತೆ ಬರೆಸಿದರು. ಇದೆಲ್ಲ ಮುಗಿದ ಮೇಲೆ ಬೋಗಿಗಳ ಸಂಖ್ಯೆಯನ್ನೂ ಬದಲಿಸಿದರು. 63 ಹೋಗಿ 72, 73 ಆಯಿತು. ಜನರ ಬಾಯಲ್ಲಿ ರೊಕುಸಾನ್, ಅಂದರೆ ಅರವತ್ತಮೂರು, ಭಯದ ಹೆಸರಾಗಿಹೋಗಿತ್ತು. ಕೆಲಸಕ್ಕೆ ಹೋಗಲೇಬೇಕಾದವರು ಅದನ್ನೇ ಹತ್ತಬೇಕಾಗಿದ್ದರಿಂದ ಹೆಸರು ಮರೆಸುವುದೂ ಬೇಕಾಗಿತ್ತೇನೊ. ಒಳಗೆ ತಿದ್ದಿದ ಮೇಲೆ ಹೆಸರು ತಿದ್ದಿದ್ದಾರೆ, ಹಾಗಾಗಿ ಅದನ್ನು ಮೋಸವೆನ್ನಲು ನನಗೆ ಮನಸ್ಸು ಬರುವುದಿಲ್ಲ. ನಗೋಯಾದಲ್ಲಿರುವ ಬೋಗಿಗೂ ಹೀಗೆ ಹೆಸರು ಬದಲಾಗಿತ್ತು, ಕೊನೆಗೆ ಬೇರೆ ಕೆಲಸದ ಬೋಗಿಯಾಗಿ ಇನ್ನೊಂದು ಸಂಖ್ಯೆಯನ್ನೂ ಹೊತ್ತಿತ್ತು. ಸಂಗ್ರಹಾಲಯದವರು ಅದಕ್ಕೆ ಹುಟ್ಟಿನ ಸಂಖ್ಯೆಯನ್ನೂ ಹುಟ್ಟಿನ ಕಿಟಕಿಯನ್ನೂ ವಾಪಸು ಕೊಟ್ಟರು. ಅವಮಾನದ ಹೆಸರನ್ನು ಅರವತ್ತು ವರ್ಷದ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯುವುದಕ್ಕೂ ಒಂದು ಧೈರ್ಯ ಬೇಕು.

ಸಕುರಾಗಿಚೊ ದುರಂತದ ನಂತರ ರೈಲ್ವೆಯ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಬೋಗಿ ಇಂಜಿನ್‌ಗಳ ವಿಭಾಗದ ಮುಖ್ಯಸ್ಥರಾಗಿದ್ದ ಶಿಮಾ ಹಿದೆಯೊ ಕೂಡ ಆ ವರ್ಷವೇ ಕೆಲಸ ಬಿಟ್ಟರು. ಜಪಾನಿನ ಹೆಸರಾಂತ ಉಗಿ ಇಂಜಿನ್‌ಗಳ ವಿನ್ಯಾಸದಲ್ಲಿ ಕೈಯಿದ್ದ ದೊಡ್ಡ ಇಂಜಿನಿಯರ್ ಅವರು. 1955ರಲ್ಲಿ ರೈಲ್ವೆಯ ಹೊಸ ಅಧ್ಯಕ್ಷರಾದ ಸೊಗೊ ಶಿಂಜಿ, ಶಿಮಾ ಅವರನ್ನು ಒತ್ತಾಯದಿಂದ ಮರಳಿ ಕರೆತಂದರು. ಮುಖ್ಯ ಇಂಜಿನಿಯರಾಗಿ ಅವರು ಕಟ್ಟಿದ್ದು 1964ರ ಅಕ್ಟೋಬರ್ 1ರಂದು ಓಡಲಾರಂಭಿಸಿದ ಶಿಂಕಾನ್ಸೆನ್. ಎದುರಿನಿಂದ ಬೇರೆ ರೈಲು ಬರಲಾಗದಂತೆ ಪ್ರತ್ಯೇಕ ಹಳಿ, ರಸ್ತೆ ಅಡ್ಡ ಹಾಯದ ದಾರಿ, ಚಾಲಕ ಮರೆತರೂ ತಾನಾಗಿ ವೇಗ ಇಳಿಸುವ ಏರ್ಪಾಡು. ಮನುಷ್ಯನ ಕೈ ಜಾರಿಯೇ ಜಾರುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕಟ್ಟಿದ ರೈಲು ಅದು. ಹಳಿ ತಪ್ಪಿ ಅಥವಾ ಡಿಕ್ಕಿಯಾಗಿ ಅದರ ಪ್ರಯಾಣಿಕರೊಬ್ಬರೂ ಈವರೆಗೆ ಸತ್ತಿಲ್ಲ.

ಹಳೆಯ ಲೈನುಗಳಲ್ಲಿ ಹಾಗಾಗಲಿಲ್ಲ. ಅಲ್ಲಿ ಒಂದು ಸಾವಿಗೆ ಮಾಡಿದ ಮದ್ದು ಇನ್ನೊಂದು ಸಾವಿಗೆ ದಾರಿಯಾಯಿತು. 1962ರ ಮೇ 3ರ ರಾತ್ರಿ, ಟೋಕಿಯೊದ ಮಿಕಾವಾಶಿಮಾ ನಿಲ್ದಾಣದ ಹತ್ತಿರ ಗೂಡ್ಸ್ ರೈಲೊಂದು ಕೆಂಪು ಸಿಗ್ನಲ್ ದಾಟಿ ಹಳಿ ತಪ್ಪಿತು. ಪಕ್ಕದ ಹಳಿಯಲ್ಲಿ ಹೋಗುತ್ತಿದ್ದ ಪ್ರಯಾಣಿಕರ ರೈಲು ಅದಕ್ಕೆ ತಗುಲಿ ತಾನೂ ಹಳಿ ತಪ್ಪಿತು. ಕೆಲವರಿಗೆ ಗಾಯವಾಯಿತು, ಯಾರೂ ಸಾಯಲಿಲ್ಲ. ದೀಪ ಆರಿತು. ಹನ್ನೊಂದು ವರ್ಷದ ಹಿಂದೆ ಬೋಗಿಯೊಳಗೆ ಸುಟ್ಟು ಸತ್ತವರ ನೆನಪು ಜನರಲ್ಲಿ ಇನ್ನೂ ಹಸಿಯಾಗಿತ್ತು. ಹಿಡಿ ಎಲ್ಲಿದೆಯೆಂದು ಈಗ ಎಲ್ಲರಿಗೂ ಗೊತ್ತು. ತಿರುಗಿಸಿದರು, ಬಾಗಿಲು ತೆರೆದರು, ಕತ್ತಲಲ್ಲಿ ಕೆಳಗೆ ಇಳಿದು ಪಕ್ಕದ ಹಳಿಯ ಮೇಲೆ ನಿಲ್ದಾಣದ ಕಡೆಗೆ ನಡೆದರು. ಆರೇಳು ನಿಮಿಷ ಕಳೆದಿತ್ತು. ಆ ಹಳಿಯಲ್ಲಿ ಎದುರಿನಿಂದ ಬರುತ್ತಿದ್ದ ರೈಲನ್ನು ತಡೆಯಲು ಯಾರೂ ಏನೂ ಮಾಡಿರಲಿಲ್ಲ. ಅದು ಬಂದು ನಡೆಯುತ್ತಿದ್ದವರ ಮೇಲೆ ಹರಿಯಿತು, ಹಳಿ ತಪ್ಪಿದ ಬೋಗಿಗಳಿಗೂ ಬಡಿಯಿತು. 160 ಜನ ಸತ್ತರು. ಅವರಲ್ಲಿ ಒಬ್ಬ ಗಂಡಸಿನ ಹೆಸರು ಏನೆಂದು ಇವತ್ತಿಗೂ ತಿಳಿದಿಲ್ಲ.

ಹಾಗಾದರೆ ಹಿಡಿಯನ್ನು ತೋರಿಸಿಕೊಟ್ಟದ್ದೇ ತಪ್ಪೇ? ಆ ದಿನಗಳಲ್ಲಿ ಅಧಿಕಾರದಲ್ಲಿದ್ದ ಯಾರಿಗಾದರೂ ಈ ಪ್ರಶ್ನೆ ಬಂದಿರಲೇಬೇಕು. ಜನರಿಗೆ ತಿಳಿವಳಿಕೆ ಸಾಲದು, ಹಿಡಿಯನ್ನು ಮತ್ತೆ ಮುಚ್ಚಿಡೋಣ ಎನ್ನುವುದು ಬಹಳ ಸುಲಭವಾಗಿ ಬಾಯಿಗೆ ಬರುವ ಮಾತು. ನಮ್ಮ ಕಚೇರಿಗಳಲ್ಲೂ ಶಾಲೆಗಳಲ್ಲೂ ಆಸ್ಪತ್ರೆಗಳಲ್ಲೂ ಇದನ್ನು ದಿನನಿತ್ಯ ಕೇಳುತ್ತೇವೆ: ಅವರಿಗೆಲ್ಲ ಹೇಳಿದರೆ ಗಲಾಟೆ ಮಾಡಿಕೊಳ್ಳುತ್ತಾರೆ. ಹಿಡಿಯನ್ನು ಮುಚ್ಚಿಡಲಿಲ್ಲ ಎಂಬುದು ಈ ಇತಿಹಾಸದಲ್ಲಿ ನನಗೆ ಅತ್ಯಂತ ದೊಡ್ಡ ವಿಷಯವಾಗಿ ಕಾಣುತ್ತದೆ. ಹಿಡಿ ಇದ್ದಲ್ಲೇ ಉಳಿಯಿತು, ಬರಹವೂ ಉಳಿಯಿತು. ಹಳಿಗೆ ಇಳಿಯುವಾಗ ಬೇರೆ ರೈಲು ಬಂದೀತು, ನೋಡಿಕೊಳ್ಳಿ ಎಂಬ ಎಚ್ಚರಿಕೆಯನ್ನೂ ಅಂಥ ಬರಹಗಳಲ್ಲಿ ಕಾಣಬಹುದು. ಜನರಿಗೆ ಅರ್ಧ ಹೇಳಿ ಕೆಟ್ಟಿತ್ತು, ಪೂರ್ತಿ ಹೇಳುವುದೇ ಅದಕ್ಕೆ ಪರಿಹಾರ ಎಂದು ರೈಲ್ವೆಯವರು ನಂಬಿದರು. ಉಳಿದ ಭಾರವನ್ನು ಪ್ರಯಾಣಿಕರ ಮೇಲೆ ಹೊರಿಸದೆ ರೈಲ್ವೆ ತಾನೇ ಹೊತ್ತಿತು. ಕೆಂಪು ಸಿಗ್ನಲ್ ದಾಟುವ ರೈಲನ್ನು ತಾನಾಗಿ ನಿಲ್ಲಿಸುವ ಎಟಿಎಸ್ ಎಂಬ ಏರ್ಪಾಡನ್ನು 1966ರ ಹೊತ್ತಿಗೆ ಸರ್ಕಾರಿ ರೈಲ್ವೆಯ ಎಲ್ಲ ಲೈನುಗಳಿಗೂ ಹಾಕಿ ಮುಗಿಸಿದರು. ಅಪಘಾತವಾದ ಕೂಡಲೇ ಸುತ್ತಲಿನ ರೈಲುಗಳಿಗೆಲ್ಲ ನಿಲ್ಲಿರೆಂದು ಸಾರುವ ರೇಡಿಯೊ ಬಂತು.

ಇಷ್ಟಾದ ಮೇಲೆ ಕಿಟಕಿಯ ವಿಷಯ ಮುಗಿಯಿತು ಎಂದುಕೊಳ್ಳಬಹುದಿತ್ತು. ಸಕುರಾಗಿಚೊ ಇವತ್ತು ಕೆಯ್‌ಹಿನ್ ತೋಹೊಕು ಮತ್ತು ನೆಗಿಶಿ ಲೈನಿನ ರೈಲುಗಳು ನಿಲ್ಲುವ ನಿಲ್ದಾಣ. 1993ರಲ್ಲಿ ಇದೇ ಲೈನಿಗೆ 209 ಮಾದರಿ ಎಂಬ ಹೊಸ ರೈಲು ಬಂತು. ತೂಕ ಅರ್ಧ, ಬೆಲೆ ಅರ್ಧ, ಆಯುಸ್ಸು ಅರ್ಧ ಎಂಬುದು ಅದರ ಗುರಿ. ಹದಿಮೂರು ವರ್ಷ ದುಡಿಸಿ ಬದಲಿಸುವ ಲೆಕ್ಕ. ಅದರಲ್ಲಿ ತಪ್ಪೇನಿಲ್ಲ. ಕೊನೆಗಾಲವನ್ನು ಮೊದಲೇ ಬರೆದಿಟ್ಟು ಮಾಡಿದ ಮಿತವ್ಯಯ ಅದು, 63 ಮಾದರಿಗೆ ಇಲ್ಲದೆ ಹೋದದ್ದು ಅದೇ ತಾನೆ. ಎಸಿ ಇರುತ್ತದೆ, ಕಿಟಕಿ ತೆರೆಯುವವರು ಯಾರು ಎಂದುಕೊಂಡು ಆ ರೈಲಿಗೆ ದೊಡ್ಡ ದೊಡ್ಡ ಗಾಜುಗಳನ್ನು ಕೂರಿಸಿದರು, ಚೆಂದವಾಗಿಯೇ ಕಾಣುತ್ತಿದ್ದವು. ಆದರೆ ಅವು ತೆರೆಯುವಂಥವಲ್ಲ. ಹತ್ತು ಹನ್ನೆರಡು ವರ್ಷದ ಮೇಲೆ ವಿದ್ಯುತ್ ಕೈಕೊಟ್ಟು ರೈಲು ನಡುದಾರಿಯಲ್ಲಿ ಬಹಳ ಹೊತ್ತು ನಿಂತಾಗ ಎಸಿಯೂ ನಿಂತಿತು, ಗಾಳಿಯಿಲ್ಲದೆ ಜನ ಬಸವಳಿದರು. ಆಮೇಲೆ ಕೆಲವು ಕಿಟಕಿಗಳನ್ನು ಕಿತ್ತು ತೆರೆಯುವಂತೆ ಮಾಡಬೇಕಾಯಿತು. ಈ ಸಲ ಯಾರೂ ಸಾಯಲಿಲ್ಲ. ಬೋಗಿ ಉಕ್ಕಿನದು, ಉರಿಯುವುದಿಲ್ಲ. ಬೋಗಿಯಿಂದ ಬೋಗಿಗೆ ದಾರಿಯಿದೆ, ಹಿಡಿಯೂ ಇದೆ. ಹಳಬರು ಕಲಿತ ಪಾಠಗಳಲ್ಲಿ ಬಹುಪಾಲು ಆ ಬೋಗಿಯಲ್ಲಿ ಇದ್ದೇ ಇದ್ದವು. ಆದರೂ ಅದೇ ಲೈನಿನಲ್ಲಿ, ನಾಲ್ಕು ದಶಕದ ಮೇಲೆ, ತೆರೆಯದ ಗಾಜನ್ನು ಮತ್ತೆ ಬಿಗಿದರಲ್ಲ ಎಂಬುದು ನನ್ನನ್ನು ನಿಲ್ಲಿಸುತ್ತದೆ. ನಿಯಮ ಪುಸ್ತಕದಲ್ಲಿ ಉಳಿಯುತ್ತದೆ, ಆ ನಿಯಮ ಯಾಕೆ ಬಂತು ಎಂಬ ನೆನಪು ನಿವೃತ್ತರಾದವರ ಜೊತೆ ಮನೆಗೆ ಹೋಗಿಬಿಡುತ್ತದೆ. ಅವರ ನಂತರ ನಂಬಿಕೆ ಬಂದು ಕೂರುವುದು ಯಂತ್ರದ ಮೇಲೆ: ಎಸಿ ಇದೆ, ವಿದ್ಯುತ್ ಇದೆ, ಅವು ಇರುತ್ತವೆ.

2021ರ ಅಕ್ಟೋಬರ್ 31ರ ಸಂಜೆ ಟೋಕಿಯೊದ ಕೆಯ್‌ಒ ಲೈನಿನ ರೈಲಿನಲ್ಲಿ ಒಬ್ಬ ಚಾಕುವಿನಿಂದ ಇರಿದು, ಬೋಗಿಯಲ್ಲಿ ಬೆಂಕಿ ಹಚ್ಚಿದ. ರೈಲು ಕೊಕುರ್ಯೊ ನಿಲ್ದಾಣದಲ್ಲಿ ನಿಂತಿತು. ಆ ನಿಲ್ದಾಣದ ಪ್ಲಾಟ್‌ಫಾರಂ ಅಂಚಿನಲ್ಲಿ, ಜನ ಹಳಿಗೆ ಬೀಳದಿರಲೆಂದು ಹಾಕಿದ ಗೇಟುಗಳಿವೆ. ರೈಲು ಸ್ವಲ್ಪ ಆಚೀಚೆ ನಿಂತದ್ದರಿಂದ ಅದರ ಬಾಗಿಲಿಗೂ ಗೇಟಿಗೂ ತಾಳೆಯಾಗಲಿಲ್ಲ. ತಾಳೆಯಾಗದೆ ಬಾಗಿಲು ತೆರೆದರೆ ಜನ ಬಿದ್ದಾರು ಎಂದು ಸಿಬ್ಬಂದಿ ತೆರೆಯಲಿಲ್ಲ. ಜನ ಕಿಟಕಿಗಳಿಂದ ಹೊರಗೆ ತೂರಿ, ಗೇಟು ಹಾರಿ ಪಾರಾದರು. ಆ ದೃಶ್ಯವನ್ನು ಟಿವಿಯಲ್ಲಿ ಲೋಕವೆಲ್ಲ ನೋಡಿತು. ಆ ಬೋಗಿಗಳ ಕಿಟಕಿಗಳು ತೆರೆಯುವಂಥವು, ಆಳು ತೂರುವಷ್ಟು ಅಗಲಕ್ಕೆ. ಗಾಯಗೊಂಡವರಿದ್ದರು, ಪ್ರಾಣ ಹೋಗಲಿಲ್ಲ. ಆಮೇಲೆ ಸರ್ಕಾರ ರೈಲ್ವೆಗಳಿಗೆ ಹೇಳಿದ್ದು ಇದು: ಇಂಥ ಹೊತ್ತಿನಲ್ಲಿ ರೈಲು ಸರಿಯಾದ ಜಾಗಕ್ಕೆ ನಿಲ್ಲದಿದ್ದರೂ ಬಾಗಿಲು ತೆರೆಯಿರಿ, ಮೊದಲು ಜನರನ್ನು ಹೊರಗೆ ಬಿಡಿ.

ಮುಚ್ಚಿ ಕಾಪಾಡಬೇಕೇ, ತೆರೆದು ಕಾಪಾಡಬೇಕೇ ಎಂಬುದಕ್ಕೆ ಒಂದೇ ಉತ್ತರವಿಲ್ಲ ಎಂದು ಈ ಎಂಬತ್ತು ವರ್ಷದ ಕಥೆ ನೋಡಿದರೆ ಅನ್ನಿಸುತ್ತದೆ. 1951ರಲ್ಲಿ ಮುಚ್ಚಿದ ಬಾಗಿಲು ಕೊಂದಿತು, 1962ರಲ್ಲಿ ತೆರೆದ ಬಾಗಿಲಿನಿಂದ ಸಾವಿಗೆ ಇಳಿದರು, 2021ರಲ್ಲಿ ಕಾಪಾಡಲೆಂದೇ ಹಾಕಿದ ಗೇಟು ಅಡ್ಡವಾಯಿತು. ಆದರೆ ಹೇಳಬೇಕೇ, ಮುಚ್ಚಿಡಬೇಕೇ ಎಂಬುದಕ್ಕೆ ಉತ್ತರ ಪ್ರತಿ ಸಲವೂ ಒಂದೇ. ಒಳಗೆ ಇರುವವರಿಗೆ ಹೊರಗೆ ಹೋಗುವ ದಾರಿ ಗೊತ್ತಿರಬೇಕು, ಆ ದಾರಿಯ ಅಪಾಯವೂ ಗೊತ್ತಿರಬೇಕು. ಸತ್ತವರ ಲೆಕ್ಕದಲ್ಲಿ ಇದನ್ನು ಕಲಿತ ದೇಶದಿಂದ ನಾವು ಬರೀ ವೇಗದ ರೈಲಿನ ತಂತ್ರಜ್ಞಾನ ತರಿಸಿಕೊಂಡರೆ ಅರ್ಧ ಮಾತ್ರ ತಂದಂತೆ.

ಬೆಂಗಳೂರಿನಲ್ಲಿ ಮೆಟ್ರೊ ಓಡಲು ಶುರುವಾಗಿ ಹದಿನಾಲ್ಕು ವರ್ಷಗಳು ಕಳೆದಿವೆ. ಅದರ ಕಿಟಕಿ ಗಾಜುಗಳು ತೆರೆಯುವುದಿಲ್ಲ. ಅದಕ್ಕೆ ಬದಲಾಗಿ ತುರ್ತಿನಲ್ಲಿ ಚಾಲಕನೊಂದಿಗೆ ಮಾತಾಡುವ ಗುಂಡಿ ಬೋಗಿಯೊಳಗಿದೆ, ಅದರ ಪಕ್ಕದಲ್ಲಿ ಬರಹವೂ ಇದೆ. ನೂಕುನುಗ್ಗಲಿನಲ್ಲಿ, ಮೊಬೈಲಿನಲ್ಲಿ ಮುಳುಗಿ ನಾವು ಅದನ್ನು ಓದುವುದಿಲ್ಲ. ಮುಂದಿನ ಸಲ ಹತ್ತಿದಾಗ ದಯವಿಟ್ಟು ಓದಿ. ಜೊತೆಯಲ್ಲಿ ಮಕ್ಕಳಿದ್ದರೆ ಅವರಿಗೂ ತೋರಿಸಿ, ಯಾಕೆ ಇಟ್ಟಿದ್ದಾರೆಂದು ಹೇಳಿ.